ಬೇಸಿಗೆಯಲ್ಲಿ ಕಲಿತ ನೀಲಿ

“ಅಕ್ಕ, ಕೆಲಸ ಕಲಿಸಿದ ಮನೆಯನ್ನು ವರ್ಷ ತುಂಬುವ ಮೊದಲೇ ಬಿಟ್ಟು, ಇನ್ನೂ ಒಳ್ಳೆಯ ಕಡೆಗೆ ಹೋಗುವುದು ತಪ್ಪೇ?” ಎಂದು ಬನಶ್ರೀ ಕೇಳಿದಳು.

ಕೇಳಿದ ಕೂಡಲೇ, “ನನ್ನ ಗೆಳತಿಯೊಬ್ಬಳಿಗೆ ಹಾಗಾಗಿದೆ” ಎಂದು ಸೇರಿಸಿದಳು.

ಹಂಪವ್ವ ನೀಲಿ ಬಣ್ಣದ ಬಾನಿಯಿಂದ ತೆಗೆದ ನೂಲಿನ ಲಡಿಯನ್ನು ಹಿಂಡುತ್ತಿದ್ದಳು. ತಲೆ ಎತ್ತಲಿಲ್ಲ.

“ಗೆಳತಿಗೋ?”

“ಹೌದು, ಅಕ್ಕ.”

“ಅವಳೂ ಬಣ್ಣದ ಕೆಲಸದವಳೇ?”

“ಅಂಥದ್ದೇ ಕೆಲಸ.”

ಹಂಪವ್ವ ಲಡಿಯನ್ನು ಇನ್ನೊಮ್ಮೆ ತಿರುವಿ ಹಿಂಡಿದಳು.

ಈ ಕೆಲಸ ಹಂಪವ್ವನಿಂದ ಆಗದು ಎಂದವರು ಊರಿನಲ್ಲಿ ಕಡಿಮೆ ಇರಲಿಲ್ಲ. ಮೊದಲು ಹೇಳಿದವನು ಅವಳ ಗಂಡನ ಅಣ್ಣ. ಗಂಡ ತೀರಿಕೊಂಡ ತಿಂಗಳೊಳಗೆ ಆತ ಬಂದು, ನೀಲಿಯ ಬಾನಿಗೆ ಹೆಂಗಸಿನ ಕೈ ಆಗಿಬರುವುದಿಲ್ಲ, ಇದನ್ನು ನನಗೆ ಬಿಟ್ಟುಕೊಟ್ಟು ನೀನು ತವರಿಗೆ ಹೋಗು ಎಂದಿದ್ದ. ಆಮೇಲೆ ನೂಲಿನ ವ್ಯಾಪಾರಿ ಹೇಳಿದ. ಕಡೆಗೆ ತವರಿನವರೂ ಹೇಳಿದರು. ಅವರು ಹೇಳಿದ್ದು ಮಾತ್ರ ಅವಳಿಗೆ ಇವತ್ತಿಗೂ ಗಂಟಲಿನಿಂದ ಕೆಳಗಿಳಿದಿಲ್ಲ. ಅವಳು ಯಾರೊಂದಿಗೂ ವಾದ ಮಾಡಲಿಲ್ಲ. ಬಾನಿಯ ಪಕ್ಕದಲ್ಲೇ ಚಾಪೆ ಹಾಸಿ ಮಲಗಿ ಕೆಲಸ ಕಲಿತಳು. ಶಾಲೆಯ ಮುಖ ಕಾಣದವಳು, ನೂಲಿನ ಮೂಟೆಗಳ ಮೇಲಿನ ಅಚ್ಚಕ್ಷರಗಳನ್ನು ಕೂಡಿಸಿ ಕೂಡಿಸಿ ಓದುವುದನ್ನೂ ಕಲಿತಳು. ಗಂಡನ ಅಣ್ಣ ಈಗ ಮೊಮ್ಮಗಳ ಮದುವೆ ಸೀರೆಯ ನೂಲು ಹಿಡಿದು ಅವಳ ಬಾಗಿಲಿಗೇ ಬರುತ್ತಾನೆ. ಅವಳು ಮೊದಲು ಕೂರಿಸಿ ಚಹಾ ಕೊಡುತ್ತಾಳೆ. ಆಮೇಲೆ ಎಲ್ಲರ ಹಾಗೆ ಸರದಿ ಕಾಯಿಸುತ್ತಾಳೆ.

ಬನಶ್ರೀ ಪಟ್ಟಣದಲ್ಲಿ ಬಟ್ಟೆ ಮತ್ತು ಬಣ್ಣದ ವಿಷಯ ಓದಿ ಡಿಗ್ರಿ ಮುಗಿಸಿದವಳು. ಹಂಪವ್ವನ ಬಣ್ಣದ ಮನೆ ಅವಳ ಮೊದಲ ಕೆಲಸ. ಬೇಸಿಗೆ ಶುರುವಾಗುವಾಗ ಒಂದು ದಿನ ನೋಡಿ ಹೋಗಲೆಂದು ಬಂದವಳು ಇಲ್ಲೇ ಉಳಿದಳು. ಬಾನಿಯಲ್ಲಿ ಸುಣ್ಣ ಹೆಚ್ಚೋ ಕಡಿಮೆಯೋ ಎಂದು ಅದ್ದಿ ತಿಳಿಯುವ ಕಾಗದದ ಪಟ್ಟಿಗಳನ್ನು ಈ ಮನೆಗೆ ತಂದವಳು ಅವಳೇ. ಹಂಪವ್ವ ಮೊದಲು ಅದನ್ನು ‘ಬಾನಿಯ ಜ್ವರ ನೋಡುವ ಕಾಗದ’ ಎಂದು ಆಡಿಕೊಂಡಳು. ಎರಡು ಬಾನಿಗಳು ಅದರಿಂದ ಉಳಿದ ಮೇಲೆ, ಬಂದವರಿಗೆಲ್ಲ “ಇದು ನಮ್ಮ ಹುಡುಗಿ ತಂದದ್ದು” ಎಂದು ತಾನೇ ತೋರಿಸತೊಡಗಿದಳು.

ಹೋದ ವಾರ ಬನಶ್ರೀಗೆ ದೊಡ್ಡ ಊರಿನ ದೊಡ್ಡ ಕಂಪನಿಯೊಂದರಿಂದ ಫೋನ್ ಬಂದಿತ್ತು. ಅವರು ಗಿಡದ ಬಣ್ಣಗಳಿಗೆಂದೇ ಹೊಸ ವಿಭಾಗ ತೆರೆಯುತ್ತಿದ್ದರು. ಅದು ಪೂರ್ತಿಯಾಗಿ ಅವಳ ಕೈಗೆ. ಸಂಬಳ ಒಂದು ಮಾತಾದರೆ, ಇಪ್ಪತ್ತಮೂರನೆಯ ವಯಸ್ಸಿಗೆ ಒಂದು ವಿಭಾಗ ತನ್ನ ಕೈಗೆ ಬರುವುದು ಇನ್ನೊಂದು ಮಾತು. ಆದರೆ ಸೋಮವಾರವೇ ಸೇರಬೇಕು, ಒಪ್ಪಿಗೆಯನ್ನು ನಾಳೆ ಮಧ್ಯಾಹ್ನದೊಳಗೆ ತಿಳಿಸಬೇಕು.

ಅವಳು ಹಂಪವ್ವನಿಗೆ ಹೇಳಬೇಕೆಂದು ದಿನವೂ ಎದ್ದಳು. ದಿನವೂ ಹಂಪವ್ವ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಕೊಟ್ಟಳು, ಮಾತು ಅಲ್ಲೇ ಉಳಿಯಿತು. ಇವತ್ತು ಬೆಳಿಗ್ಗೆ ಕಡೆಗೂ ಬಾಯಿ ತೆರೆದಳು. ಆದರೆ ಬಂದದ್ದು ಬೇರೆ ಮಾತು. “ಅಜ್ಜಿಗೆ ಹುಷಾರಿಲ್ಲ ಅಕ್ಕ, ಸೋಮವಾರದಿಂದ ರಜೆ ಬೇಕು.”

ಹಂಪವ್ವ ಕೂಡಲೇ ಒಪ್ಪಿದಳು. ಒಂದೇ ಪ್ರಶ್ನೆ ಕೇಳಿದಳು: “ಯಾವ ಅಜ್ಜಿ? ಅಪ್ಪನ ತಾಯಿಯೋ, ಅಮ್ಮನ ತಾಯಿಯೋ?” ಬನಶ್ರೀ ಅದನ್ನು ಯೋಚಿಸಿಕೊಂಡಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು. ಊರಿಗೆ ಹೋದಂತೆ ಹೋಗಿ, ಹತ್ತು ದಿನ ಬಿಟ್ಟು ಫೋನಿನಲ್ಲಿ ‘ಇನ್ನು ಬರಲಾಗುವುದಿಲ್ಲ’ ಎಂದರಾಯಿತು ಎಂಬುದು ಅವಳ ಎಣಿಕೆ. ಆದರೆ ಸುಳ್ಳು ಹೇಳಿದ ಹೊತ್ತಿನಿಂದ ಕೈ ಕೆಲಸದ ಮೇಲೆ ನಿಲ್ಲಲಿಲ್ಲ. ಹೋಗುವುದು ತಪ್ಪಲ್ಲ ಎಂಬ ಒಂದು ಮಾತು ಹಂಪವ್ವನ ಬಾಯಿಂದಲೇ ಬಂದರೆ ಹಗುರಾಗಬಹುದು ಎಂದು ಗೆಳತಿಯ ಹೆಸರಿನಲ್ಲಿ ಕೇಳಿದ್ದಳು.

ಹಂಪವ್ವ ಲಡಿಯನ್ನು ಬಿದಿರಿನ ಗಳಕ್ಕೆ ಹಾಕಿ, ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕುಳಿತಳು.

“ಕೂತುಕೋ ತಂಗಿ. ನಿನ್ನ ಗೆಳತಿಗೆ ಒಂದು ಕತೆ ಹೇಳುತ್ತೇನೆ. ನೀನು ಕೇಳಿಸಿಕೊಂಡು ಅವಳಿಗೆ ಮುಟ್ಟಿಸು. ಅರ್ಧ ದಾರಿಯಲ್ಲಿ ಬೀಳಿಸಬೇಡ.”

ಬನಶ್ರೀ ಕುಳಿತಳು. ಹಂಪವ್ವ ಹೇಳತೊಡಗಿದಳು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರ್ತಿ ಇದ್ದಳು. ನೂಲಿಗೆ ನೀಲಿ ಹಾಕುವುದು ಅವಳ ಕಸುಬು. ಅವಳ ಅಂಗಳದಲ್ಲಿ ಕತ್ತಿನವರೆಗೆ ನೆಲದಲ್ಲಿ ಹೂತ ಬಾನಿಗಳಿದ್ದವು. ಅವುಗಳಲ್ಲಿ ನೀಲಿ, ಸುಣ್ಣ, ಬೇಯಿಸಿದ ತಗಚೆ ಗಿಡದ ಬೀಜ. ಮೂರೂ ಸೇರಿ ಹುಳಿತರೆ ಬಾನಿಗೆ ಜೀವ ಬರುತ್ತದೆ. ಜೀವ ಇರುವ ಬಾನಿ ನೂಲಿಗೆ ನೀಲಿ ಕೊಡುತ್ತದೆ. ಜೀವ ಹೋದರೆ ಅದು ಬರೀ ಕೆಸರು. ಆದ್ದರಿಂದ ಆ ಕಸುಬಿನವರು ಬಾನಿಯನ್ನು ಮನೆಯ ಹಸುವಿನಂತೆ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಎದ್ದು ತಮ್ಮ ಮುಖ ತೊಳೆಯುವ ಮೊದಲು ಅದರ ಮುಚ್ಚಳ ತೆಗೆದು ಮೂಸಿ ನೋಡುತ್ತಾರೆ.

ಅವಳ ಬಳಿಗೆ ಒಬ್ಬ ಯುವಕ ಬಂದ. ಬಣ್ಣಗಳ ಶಾಸ್ತ್ರವನ್ನು ಓದಿ ಮುಗಿಸಿದವನು. ಯಾವ ಬೇರಿನಲ್ಲಿ ಯಾವ ಬಣ್ಣ, ಯಾವ ತೊಗಟೆಗೆ ಯಾವ ಉಪ್ಪು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದ. ಬಾನಿಯನ್ನು ಮಾತ್ರ ಇನ್ನೂ ಮುಟ್ಟಿರಲಿಲ್ಲ. ಮುಚ್ಚಳ ತೆಗೆದ ಕೂಡಲೇ ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಏನಪ್ಪ, ಓದುವಾಗ ಈ ವಾಸನೆಯ ಬಗ್ಗೆ ಹೇಳಿರಲಿಲ್ಲವೇ?” ಎಂದು ಬಣ್ಣಗಾರ್ತಿ ಕೇಳಿದಳು.

“ಹೇಳಿದ್ದರು ಅಮ್ಮ. ಆದರೆ ಪುಸ್ತಕ ನಾರುತ್ತಿರಲಿಲ್ಲ” ಎಂದ ಅವನು.

ಬಣ್ಣಗಾರ್ತಿ ನಕ್ಕು ಅವನನ್ನು ಕೆಲಸಕ್ಕೆ ಇಟ್ಟುಕೊಂಡಳು.

ಅವನು ಬಂದದ್ದು ಬಿಸಿಲು ಏರುವ ಕಾಲದಲ್ಲಿ. ಚುರುಕಾಗಿ ಕಲಿತ. ಬೆಳಿಗ್ಗೆ ಕೋಲು ಹಾಕಿ ಬಾನಿಯನ್ನು ತಿರುವುವುದು, ಮೇಲೆ ಬರುವ ನೊರೆಯನ್ನು ಪಕ್ಕಕ್ಕೆ ಸರಿಸುವುದು, ನೂಲನ್ನು ಸದ್ದಾಗದಂತೆ ಒಳಗೆ ಇಳಿಸುವುದು, ಹಾಗೆಯೇ ಮೇಲಕ್ಕೆ ಎತ್ತುವುದು, ಎಲ್ಲವೂ ಅವನ ಕೈಗೆ ಬಂತು. ಅವನು ಬಾನಿಗಳೊಂದಿಗೆ ಮಾತಾಡುತ್ತಿದ್ದ. ಬಣ್ಣಗಾರ್ತಿ ಮೊದಮೊದಲು ಅದನ್ನು ಕೇಳಿ ನಗುತ್ತಿದ್ದಳು. ಆಮೇಲೆ ಅವನಿಲ್ಲದಾಗ ತಾನೂ ಮಾತಾಡಿಸಿದಳು. ಮನೆಯಲ್ಲಿ ಗಟ್ಟಿ ಮೊಸರು ಯಾವಾಗಲೂ ಅವನ ತಟ್ಟೆಗೇ ಬೀಳುತ್ತಿತ್ತು.

ಒಂದು ದಿನ ಒಬ್ಬ ವ್ಯಾಪಾರಿ ಬಂದ. ಗಳದ ಮೇಲೆ ಒಣಗುತ್ತಿದ್ದ ನೂಲನ್ನು ಬೆರಳಿನಲ್ಲಿ ಉಜ್ಜಿ ನೋಡಿದ. “ಈ ನೀಲಿ ಯಾರ ಕೈಯದು?” ಎಂದು ಕೇಳಿದ.

ಬಣ್ಣಗಾರ್ತಿ ನನ್ನದು ಎನ್ನಬಹುದಿತ್ತು. ಅವಳು ಯುವಕನ ಬೆನ್ನ ಮೇಲೆ ಕೈಯಿಟ್ಟು, “ಇವನದು” ಎಂದಳು.

ವ್ಯಾಪಾರಿ ಮರುದಿನ ಯುವಕನನ್ನು ನದಿಯ ದಂಡೆಯಲ್ಲಿ ಹಿಡಿದ. ತನ್ನ ಊರಿನಲ್ಲಿ ಹೊಸ ಬಣ್ಣದ ಮನೆ ಕಟ್ಟಿಸುತ್ತಿರುವುದಾಗಿಯೂ, ಸಾಲುಸಾಲು ಬಾನಿಗಳನ್ನು ಹೂಳಿಸಿರುವುದಾಗಿಯೂ, ಅವೆಲ್ಲಕ್ಕೂ ಅವನೇ ಯಜಮಾನನಾಗಿರಬೇಕೆಂದೂ ಹೇಳಿದ. “ಅಲ್ಲಿ ಯಾರನ್ನೂ ಕೇಳಿ ಕೋಲು ಹಾಕಬೇಕಾಗಿಲ್ಲ. ಆದರೆ ಈ ವಾರವೇ ಬರಬೇಕು. ಇಲ್ಲವಾದರೆ ನಾನು ಬೇರೆಯವರನ್ನು ನೋಡುತ್ತೇನೆ” ಎಂದ.

ಯುವಕನಿಗೆ ಹೋಗುವ ಆಸೆ. ಆಸೆ ಬರುವುದು ಸಹಜವೇ. ಯಾವ ಕೈ ತನ್ನದೇ ಕೋಲನ್ನು ಬಯಸುವುದಿಲ್ಲ? ಆದರೆ ಬಣ್ಣಗಾರ್ತಿಗೆ ಹೇಳುವುದು ಹೇಗೆ? ಅವಳು ಬೈದರೆ ಎದುರು ಮಾತಾಡಬಹುದು. ಅತ್ತರೆ? ಅದಕ್ಕಿಂತ ಹೆಚ್ಚಾಗಿ, ಅವಳು ಬೈಯದೆ ಅಳದೆ ‘ಊಟ ಮಾಡಿ ಹೋಗು’ ಎಂದರೆ? ಅವನು ಅವಳ ಸಿಟ್ಟಿಗಿಂತ ಅವಳ ಒಳ್ಳೆಯತನಕ್ಕೆ ಹೆಚ್ಚು ಹೆದರಿದ.

ಬಣ್ಣಗಾರ್ತಿ ನೂಲು ಜಾಲಿಸಲು ನದಿಗೆ ಹೋದಾಗ ಅವನು ತನ್ನ ಬಟ್ಟೆ ಗಂಟು ಕಟ್ಟಿದ. ಪಕ್ಕದ ಮನೆಯವಳಿಗೆ, “ನನ್ನ ತಾಯಿಗೆ ಹುಷಾರಿಲ್ಲ, ಅಮ್ಮ ಬಂದರೆ ಹೇಳಿಬಿಡಿ” ಎಂದು ಹೇಳಿ ಹೊರಟುಹೋದ.

ಬನಶ್ರೀಯ ಕೈಯಲ್ಲಿ ಒಂದು ನೂಲಿನ ಎಳೆ ಇತ್ತು. ಅದನ್ನು ಬೆರಳಿಗೆ ಸುತ್ತುತ್ತಿದ್ದವಳು ನಿಲ್ಲಿಸಿದಳು. ಹಂಪವ್ವ ಅವಳ ಕಡೆ ನೋಡದೆ ಮುಂದುವರಿಸಿದಳು.

ಬಣ್ಣಗಾರ್ತಿ ನದಿಯಿಂದ ಬಂದಳು, ಸುದ್ದಿ ಕೇಳಿದಳು. ಎರಡು ದಿನ ಕಾದಳು. ಮೂರನೆಯ ದಿನ ಬಾನಿಗಳನ್ನು ಪಕ್ಕದ ಮನೆಯವಳ ಸುಪರ್ದಿಗೆ ಕೊಟ್ಟು, ಒಂದು ಸೇರು ಹಳೆಯ ಅಕ್ಕಿ, ಒಂದು ಗಂಟು ಶುಂಠಿ ಕಟ್ಟಿಕೊಂಡು ಅವನ ತಾಯಿಯ ಊರಿಗೆ ನಡೆದಳು. ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗುವವಳಲ್ಲ ಅವಳು.

ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಒನಕೆ ಹಿಡಿದು ಮೆಣಸಿನಕಾಯಿ ಕುಟ್ಟುತ್ತಿದ್ದಳು. ಒನಕೆ ಎದೆಯ ಮಟ್ಟಕ್ಕೆ ಏರಿ ಬೀಳುತ್ತಿತ್ತು.

“ಈ ಮನೆಯ ಯಜಮಾನಿಗೆ ಹುಷಾರಿಲ್ಲವಂತೆ, ನೋಡಲು ಬಂದೆ” ಎಂದಳು ಬಣ್ಣಗಾರ್ತಿ.

“ಈ ಮನೆಯ ಯಜಮಾನಿ ನಾನೇ” ಎಂದಳು ಆ ಹೆಂಗಸು. “ನನಗೇನು ಧಾಡಿ? ಯಾರು ಹೇಳಿದರು ನಿಮಗೆ?”

ಬಣ್ಣಗಾರ್ತಿ ಒನಕೆ ನೋಡಿದಳು. ಕಾಯಿಲೆಯ ಮಾತು ಸುಳ್ಳು ಎಂದು ಅವಳಿಗೆ ತಿಳಿಯಿತು. ನಿಮ್ಮ ಮಗ ಹೇಳಿದ ಎನ್ನುವುದು ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಆ ಹೆಂಗಸು ಅವಳ ಕೈ ನೋಡಿ, ಉಗುರಿನ ಬುಡದಲ್ಲಿ ನಿಂತ ನೀಲಿಯನ್ನು ನೋಡಿ, “ಓ, ನನ್ನ ಮಗ ಕೆಲಸಕ್ಕಿರುವ ಮನೆಯವರಲ್ಲವೇ ನೀವು? ಬನ್ನಿ ಬನ್ನಿ. ಅವನು ಬಂದಾಗಲೆಲ್ಲ ನಿಮ್ಮದೇ ಮಾತು” ಎಂದು ಒನಕೆ ಇಟ್ಟು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

“ಮತ್ತೆ ಹುಷಾರಿಲ್ಲ ಎಂದವರು ಯಾರು?” ಎಂದು ಒಳಗೆ ಕೂರಿಸಿ ಮತ್ತೆ ಕೇಳಿದಳು.

“ದಾರಿಯಲ್ಲಿ ಯಾರೋ ಹೇಳಿದರು. ಬೇರೆ ಯಾರ ಮನೆಯ ಸುದ್ದಿಯೋ ಏನೋ” ಎಂದಳು ಬಣ್ಣಗಾರ್ತಿ.

“ಹಾಗೆ ಹೇಳಿದವರ ಬಾಯಿಗೆ ಈ ಖಾರ ಹಾಕಬೇಕು” ಎಂದಳು ತಾಯಿ.

“ಬೇಡಿ, ಪಾಪ” ಎಂದಳು ಬಣ್ಣಗಾರ್ತಿ.

ಅವಳು ಅಲ್ಲೇ ಊಟ ಮಾಡಿದಳು. ತಂದ ಅಕ್ಕಿಯನ್ನೂ ಶುಂಠಿಯನ್ನೂ ಅಲ್ಲೇ ಬಿಟ್ಟಳು. ಮಗ ಹೇಗಿದ್ದಾನೆ ಎಂದು ತಾಯಿ ಕೇಳಿದಾಗ, ಒಳ್ಳೆಯ ಕೆಲಸಗಾರ ಎಂದಳು. ಅದು ನಿಜವೇ ಆಗಿತ್ತು. ಹೊಸ ಕೆಲಸದ ಸುದ್ದಿಯನ್ನು ಆ ತಾಯಿಗೆ ಮಗನೇ ಇನ್ನೂ ತಿಳಿಸಿರಲಿಲ್ಲ. ವ್ಯಾಪಾರಿಯ ಬಣ್ಣದ ಮನೆಯ ಸಂಗತಿ ಬಣ್ಣಗಾರ್ತಿಯ ಕಿವಿಗೆ ಬಿದ್ದದ್ದು ಹಿಂತಿರುಗುವ ದಾರಿಯಲ್ಲಿ.

“ಅವಳಿಗೆ ಸಿಟ್ಟು ಬರಲಿಲ್ಲವೇ, ಅಕ್ಕ?” ಎಂದು ಬನಶ್ರೀ ಕೇಳಿದಳು. ಧ್ವನಿ ಸಣ್ಣದಾಗಿತ್ತು.

“ಬಂತು. ಬರದೆ ಇರುತ್ತದೆಯೇ? ಖಾರ ಕುಟ್ಟುವ ಮನೆಯಲ್ಲಿ ಕೂತಿದ್ದಳಲ್ಲ, ಕಣ್ಣಲ್ಲಿ ನೀರು ಬಂದದ್ದಕ್ಕೆ ಬೇರೆ ನೆಪ ಹುಡುಕಬೇಕಾಗಲಿಲ್ಲ” ಎಂದಳು ಹಂಪವ್ವ. ಮತ್ತೆ ಕತೆಗೆ ಬಂದಳು.

ಇತ್ತ ಯುವಕ ಹೊಸ ಊರಿನಲ್ಲಿ ಹೊಸ ಬಾನಿಗಳನ್ನು ಎಬ್ಬಿಸಿದ. ಹೊಸ ನೀಲಿ, ಹೊಸ ಸುಣ್ಣ, ಹೊಸ ಬೀಜ. ಬಿಸಿಲು ಇನ್ನೂ ಇತ್ತು. ಬಾನಿಗಳು ಹಾಲು ಉಕ್ಕಿದ ಹಾಗೆ ಮೇಲೆ ಬಂದವು. ನೀಲಿ ಚೆನ್ನಾಗಿ ಬಂತು. ವ್ಯಾಪಾರಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿದ. ಸುತ್ತಲಿನ ನೇಕಾರರು ತಮ್ಮ ನೂಲನ್ನೆಲ್ಲ ಆ ಮನೆಗೇ ತಂದು ಹಾಕತೊಡಗಿದರು. ಹಬ್ಬಗಳು ಮುಂದೆ ಇದ್ದವು. ಅವರ ವರ್ಷದ ಗಳಿಕೆಯೆಲ್ಲ ಆ ನೂಲಿನಲ್ಲಿ ಇತ್ತು.

ಆಮೇಲೆ ಮಳೆ ಬಂತು. ಮಳೆಯ ಹಿಂದೆ ಚಳಿ ಬಂತು. ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಬಾನಿಯ ಮೇಲೆ ನೊರೆ ಇಲ್ಲ. ಯುವಕ ಎಂದಿನಂತೆ ಕೋಲು ಹಾಕಿ ತಿರುವಿದ. ಏಳಲಿಲ್ಲ. ಇನ್ನೂ ಜೋರಾಗಿ ತಿರುವಿದ. ಸುಣ್ಣ ಕಡಿಮೆಯಾಯಿತೇನೋ ಎಂದು ಸುಣ್ಣ ಹಾಕಿದ. ನೀಲಿ ಸಾಲದೇನೋ ಎಂದು ನೀಲಿ ಹಾಕಿದ. ಬಾನಿ ಇನ್ನೂ ಮಂಕಾಯಿತು. ಅವನು ಕಂಡದ್ದು ಉಕ್ಕುವ ಬಾನಿಗಳನ್ನು ಮಾತ್ರ. ಮಲಗಿದ ಬಾನಿಯ ಮುಂದೆ ಏನು ಮಾಡಬೇಕು ಎಂಬುದನ್ನು ಅವನು ಕಂಡಿರಲಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಏನು ಮಾಡುತ್ತಿದ್ದನೋ ಅದನ್ನೇ ಹೆಚ್ಚು ಹೆಚ್ಚಾಗಿ ಮಾಡಿದ.

ನೂಲು ಬೂದಿ ಬಣ್ಣವಾಗಿ ಹೊರಬಂತು. ನೇಕಾರರು ಬಾಗಿಲಿಗೆ ಬಂದರು. ಅವರಲ್ಲಿ ಒಬ್ಬ ಮುದುಕ ತನ್ನ ಲಡಿಯನ್ನು ಬಿಡಿಸಿ ನೋಡಿ, ಎಳೆ ಎಳೆ ಸರಿಮಾಡಿ ಮತ್ತೆ ಮಡಚಿಟ್ಟ. ವ್ಯಾಪಾರಿ ಪಕ್ಕದಲ್ಲಿ ಕೂರಿಸಿಕೊಳ್ಳುವುದನ್ನು ಬಿಟ್ಟ. “ಉಳಿದ ನೂಲಾದರೂ ನೀಲಿಯಾಗಬೇಕು. ಆಗದಿದ್ದರೆ ನಿನ್ನ ದಾರಿ ನೀನು ನೋಡಿಕೋ. ಈ ಜನರಿಗೆ ಯಾರು ಉತ್ತರ ಹೇಳುತ್ತಾರೆ?” ಎಂದ.

ಉತ್ತರ ಸಿಗಬಹುದಾದ ಮನೆ ಯುವಕನಿಗೆ ಒಂದೇ ಇತ್ತು. ಆ ಮನೆಯ ದಾರಿಗೆ ಅವನೇ ಮುಳ್ಳು ಹಾಕಿ ಬಂದಿದ್ದ. ಆದರೂ ಹೊರಟ. ಕಳೆದುಕೊಳ್ಳುವುದು ತನ್ನ ಕೆಲಸ ಒಂದೇ ಆಗಿದ್ದರೆ ಹೋಗುತ್ತಿರಲಿಲ್ಲವೇನೋ. ಆ ಮುದುಕ ನೂಲು ಮಡಚಿದ ರೀತಿ ಅವನನ್ನು ಹೊರಡಿಸಿತು.

ಬಣ್ಣಗಾರ್ತಿ ಅಂಗಳದಲ್ಲಿ ಬಾನಿಗಳ ಸುತ್ತ ಹುಲ್ಲು ಹೊದಿಸುತ್ತಿದ್ದಳು. ಅವನು ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. ಅವಳು ತಿರುಗಿ ನೋಡಿದಳು.

“ತಾಯಿ ಹೇಗಿದ್ದಾಳೆ?” ಎಂದು ಕೇಳಿದಳು.

ಅವನು ನೆಲ ನೋಡಿದ. “ಚೆನ್ನಾಗಿದ್ದಾಳೆ, ಅಮ್ಮ.”

“ಗೊತ್ತು. ಅವಳು ಬಡಿಸಿದ ಖಾರ ಇನ್ನೂ ನನ್ನ ನಾಲಗೆಯ ಮೇಲಿದೆ” ಎಂದಳು ಬಣ್ಣಗಾರ್ತಿ. “ಹೊರಗೆ ಯಾಕೆ ನಿಂತೆ? ಆ ಹುಲ್ಲಿನ ಹೊರೆಯ ಇನ್ನೊಂದು ತುದಿ ಹಿಡಿ. ನನ್ನೊಬ್ಬಳಿಂದ ಆಗುತ್ತಿಲ್ಲ.”

ಅವನು ಒಳಗೆ ಬಂದು ಹೊರೆ ಹಿಡಿದ. ಇಬ್ಬರೂ ಬಾನಿಗಳಿಗೆ ಹುಲ್ಲು ಹೊದಿಸಿದರು. ಹೊದಿಸುತ್ತಾ ಅವನಿಗೆ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ಅವಳು ಹೇಳಿದಳು. ಚಳಿಯಲ್ಲಿ ಬಾನಿಗೆ ಕಾಯಿಲೆ ಏನಿಲ್ಲ, ಅದು ಮೆಲ್ಲಗಾಗುತ್ತದೆ. ಆಗ ಕೋಲು ಹಾಕಬಾರದು. ತಿರುವಿದಷ್ಟೂ ಗಾಳಿ ಒಳಗೆ ಹೋಗಿ ಅದರ ಜೀವ ತೆಗೆಯುತ್ತದೆ. ಸುಣ್ಣ ಸುರಿಯಬಾರದು. ಬೆಚ್ಚಗೆ ಹೊದಿಸಿ, ಒಂದು ಹಿಡಿ ಬೀಜ ಬೇಯಿಸಿ ಹಾಕಿ, ಸುಮ್ಮನೆ ಬಿಡಬೇಕು. ಬೇಸಿಗೆಯ ಬಾನಿ ಯಾರ ಕೈಯಲ್ಲಾದರೂ ನೀಲಿ ಕೊಡುತ್ತದೆ. ಬಣ್ಣಗಾರನ ಕೈ ಬೇಕಾಗುವುದು ಅದು ಕೊಡದೆ ಇದ್ದಾಗ.

ಆಮೇಲೆ ಅವಳು ಎಲ್ಲಕ್ಕಿಂತ ಹಳೆಯ ಬಾನಿಯ ಮುಚ್ಚಳ ತೆಗೆದಳು. ಉದ್ದ ಹಿಡಿಯ ಚಿಪ್ಪಿನಿಂದ ತಳದ ಮಡ್ಡಿಯನ್ನು ಮೆಲ್ಲಗೆ ಎತ್ತಿ ಒಂದು ಗಡಿಗೆಗೆ ತುಂಬಿದಳು. ಮೊಸರಿಗೆ ಹೆಪ್ಪು ಹೇಗೋ ಹೊಸ ಬಾನಿಗೆ ಹಳೆಯ ಮಡ್ಡಿ ಹಾಗೆ. ಅದು ಬಿದ್ದ ಬಾನಿ ಮಲಗಿದರೂ ಸಾಯುವುದಿಲ್ಲ. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಅವನ ಕೈಗೆ ಕೊಟ್ಟಳು.

“ಇದನ್ನು ನೀನು ಹೋದ ದಿನವೇ ಕೊಡಬೇಕಾಗಿತ್ತು” ಎಂದಳು. “ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಕಲಿತವನು ಹೋಗುತ್ತೇನೆ ಎಂದು ಹೇಳಿದರೆ ಮನೆಯ ಹಳೆಯ ಬಾನಿಯ ಮಡ್ಡಿಯನ್ನು ಅವನ ಜೊತೆ ಕಳಿಸಬೇಕು. ಅವನು ಕೇಳದಿದ್ದರೂ ಕೊಡದೆ ಇರುವ ಹಾಗಿಲ್ಲ.”

“ನನಗೆ ಈ ರೂಢಿ ಗೊತ್ತೇ ಇರಲಿಲ್ಲ, ಅಮ್ಮ.”

“ಹೇಗೆ ಗೊತ್ತಾಗುತ್ತದೆ? ಹೋಗುತ್ತೇನೆ ಎಂದು ಹೇಳಿದ ಮೇಲೆಯೇ ಅದನ್ನು ಹೇಳುವುದು. ಅದಕ್ಕೆ ಮೊದಲೇ ಹೇಳಿದರೆ ಹೋಗು ಎಂದ ಹಾಗಾಗುವುದಿಲ್ಲವೇ?”

ಯುವಕ ಗಡಿಗೆಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದ. “ನಾನು ಹೇಳಿದ್ದರೆ ನೀವು ತಡೆಯುತ್ತಿದ್ದಿರಿ ಎಂದುಕೊಂಡೆ” ಎಂದ.

“ತಡೆಯುತ್ತಿದ್ದೆ. ಇಲ್ಲ ಎಂದು ಸುಳ್ಳು ಹೇಳಲೇ? ಒಂದು ದಿನ ಅಳುತ್ತಿದ್ದೆ. ಒಂದು ದಿನ ಬೈಯುತ್ತಿದ್ದೆ, ಚಳಿಗಾಲ ಒಂದು ಕಳೆಯಲಿ ಎನ್ನುತ್ತಿದ್ದೆ. ನೀನು ಕೇಳುತ್ತಿರಲಿಲ್ಲ. ಆಮೇಲೆ ಎದ್ದು ನಿನಗೆ ಗಡಿಗೆ ತೊಳೆಯುತ್ತಿದ್ದೆ.”

“ಆ ಕೆಲಸ ಬಿಟ್ಟು ಇಲ್ಲಿಗೇ ಬಂದುಬಿಡಲೇ, ಅಮ್ಮ?” ಎಂದು ಅವನು ಕೇಳಿದ.

“ಹುಚ್ಚಪ್ಪ” ಎಂದಳು ಬಣ್ಣಗಾರ್ತಿ. “ನೂಲು ಬಾನಿಯೊಳಗೆ ಇರುವಾಗ ಯಾವ ಬಣ್ಣ ಇರುತ್ತದೆ?”

“ಹಸಿರು.”

“ನೀಲಿ ಯಾವಾಗ ಆಗುತ್ತದೆ?”

“ಹೊರಗೆ ತೆಗೆದು ಗಾಳಿಗೆ ಹಿಡಿದಾಗ.”

“ಒಂದೇ ಸಲ ಮುಳುಗಿಸಿ ಗಾಳಿಗೆ ಹಿಡಿದು ಬಿಟ್ಟರೆ?”

“ತೆಳುವಾಗುತ್ತದೆ. ಮತ್ತೆ ಮತ್ತೆ ಮುಳುಗಿಸಬೇಕು.”

“ಇಷ್ಟು ಗೊತ್ತಿದ್ದರೆ ಸಾಕು. ಹೊರಡು. ಅಲ್ಲಿ ಆ ಜನ ಕಾಯುತ್ತಿದ್ದಾರೆ. ಮಡ್ಡಿ ಕುಲುಕದ ಹಾಗೆ ನಡೆ. ಮತ್ತೆ ಬೇಕಾದರೆ ಮತ್ತೆ ಬಾ. ಬರುವಾಗ ಬಾಗಿಲಲ್ಲಿ ನಿಲ್ಲಬೇಡ.”

ಅವನು ಹೋದ. ಎರಡು ಬಾನಿಗಳನ್ನು ಚೆಲ್ಲಲೇಬೇಕಾಯಿತು; ಅವುಗಳಲ್ಲಿ ಸುಣ್ಣ ಅಷ್ಟು ಬಿದ್ದಿತ್ತು. ಉಳಿದವು ಮಡ್ಡಿ ತಿಂದು, ಹುಲ್ಲು ಹೊದ್ದು, ಮೆಲ್ಲಗೆ ಎದ್ದವು. ಬೂದಿಯಾಗಿದ್ದ ನೂಲನ್ನು ಅವನು ಮತ್ತೆ ಮತ್ತೆ ಮುಳುಗಿಸಿ ಕಪ್ಪಿಗೆ ಹತ್ತಿರದ ನೀಲಿ ಮಾಡಿ ಮುದುಕನಿಗೆ ಕೊಟ್ಟ. ಮುದುಕ ಅದನ್ನು ಸೀರೆಯ ಅಂಚಿಗೆ ಹಾಕಿದ. ವ್ಯಾಪಾರಿ ಅವನನ್ನು ಕೆಲಸದಲ್ಲಿ ಉಳಿಸಿಕೊಂಡ, ಆದರೆ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಲು ಅವನಿಗೆ ಒಂದು ವರ್ಷ ಹಿಡಿಯಿತು.

ಕತೆ ಅಲ್ಲಿಗೆ ನಿಂತಿತು. ಗಳದ ಮೇಲೆ ಹಾಕಿದ ಲಡಿ ಅಷ್ಟರಲ್ಲಿ ಪೂರ್ತಿ ನೀಲಿಯಾಗಿತ್ತು. ಹಂಪವ್ವ ಎದ್ದು ಅದನ್ನು ಮಗುಚಿ ಹಾಕಿದಳು.

ಬನಶ್ರೀ ಬೆರಳಿಗೆ ಸುತ್ತಿದ್ದ ಎಳೆಯನ್ನು ಬಿಚ್ಚುತ್ತಾ ಕುಳಿತಿದ್ದಳು. ಅದು ಗಂಟಾಗಿತ್ತು.

“ಹಾಗಾದರೆ ಆ ಯುವಕ ಹೋದದ್ದು ತಪ್ಪಲ್ಲವೇ, ಅಕ್ಕ?”

“ಹೋಗದೆ? ಬಾನಿಯಲ್ಲೇ ಇಟ್ಟುಕೊಳ್ಳಲು ಯಾರಾದರೂ ನೂಲಿಗೆ ಬಣ್ಣ ಹಾಕುತ್ತಾರೆಯೇ?”

ಬನಶ್ರೀಗೆ ತಾನು ಕೇಳಬೇಕೆಂದಿದ್ದ ಮಾತು ಸಿಕ್ಕಿತ್ತು. ಹೋಗುವುದು ತಪ್ಪಲ್ಲ. ಅದು ಹಂಪವ್ವನ ಬಾಯಿಂದಲೇ ಬಂದಿತ್ತು. ಆದರೆ ಎದೆ ಹಗುರಾಗಲಿಲ್ಲ. ಅವಳು ಎದ್ದು ನಿಂತು, ಲಡಿಯ ಇನ್ನೊಂದು ಬದಿಯನ್ನು ಹಿಡಿದು, ಹಂಪವ್ವನ ಮುಖ ನೋಡಲಾರದೆ ನೂಲನ್ನೇ ನೋಡುತ್ತಾ ಕೇಳಿದಳು:

“ನನ್ನ ಗೆಳತಿಗೆ ಏನು ಹೇಳಲಿ, ಅಕ್ಕ?”

ಹಂಪವ್ವ ನೂಲಿನ ಆಚೆ ಬದಿಯಿಂದ ಅವಳನ್ನು ನೋಡಿದಳು. ಸಿಟ್ಟಿರಲಿಲ್ಲ. ತಾನು ಕಟ್ಟಿದ ಅಂಗಳವನ್ನು ಒಮ್ಮೆ ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿ ಹೇಳಿದಳು:

“ಈ ಅಂಗಳದಲ್ಲಿ ಈಗ ಹನ್ನೊಂದು ಬಾನಿಗಳಿವೆ ತಂಗಿ, ಎಲ್ಲವೂ ನನ್ನವೇ, ಇವುಗಳಲ್ಲಿ ಕೈ ಅದ್ದಿ ಕಲಿತವರಲ್ಲಿ ‘ಹೋಗುತ್ತೇನೆ’ ಎಂದು ನನ್ನ ಮುಖ ನೋಡಿ ಹೇಳಿ ಹೋದವರು ಮಾತ್ರ ಇನ್ನೂ ಒಬ್ಬರೂ ಇಲ್ಲ.”